ಐದು ನಿಮಿಷ ನಾಲ್ಕು ಸೆಕೆಂಡು

ರಾತ್ರಿ ಹನ್ನೊಂದೂವರೆಗೆ ಫೋನ್. "ಸರ್, ವಿ-ಸೆಂಟರ್‌ಗೆ ಲಾಗಿನ್ ಆಗ್ತಿಲ್ಲ." ನೈಟ್ ಶಿಫ್ಟಿನ ಹುಡುಗ, ಇನ್ನೂ ಪ್ರೊಬೇಷನ್. ಕ್ಯಾಪ್ಸ್ ಲಾಕ್ ನೋಡ್ಕೊಳಪ್ಪಾ ಅಂದೆ. ಮತ್ತೆ ಫೋನ್. ಪಾಸ್‌ವರ್ಡ್ ರೀಸೆಟ್ ಮಾಡಿಕೊಟ್ಟೆ. ಮತ್ತೆ ಫೋನ್. ಎರಡನೇ ಸಲ ರೀಸೆಟ್ ಮಾಡಿ, "ಸರಿಯಾಗಿ ಟೈಪ್ ಮಾಡೋದು ಕಲಿ" ಅಂತ ರೇಗಿದೆ. ಟಿಕೆಟ್‌ನಲ್ಲಿ 'ಯೂಸರ್ ಎರರ್' ಅಂತ ಬರೆದೂಬಿಟ್ಟೆ.

ಹೇಗೂ ನಿದ್ದೆ ಕೆಟ್ಟಿತ್ತು. ಲ್ಯಾಪ್‌ಟಾಪ್ ತೆಗೆದು ನಾನೇ ಲಾಗಿನ್ ಮಾಡಿ ನೋಡಿದೆ. ನನಗೂ ಆಗಲಿಲ್ಲ.

ಸಿಂಗಲ್ ಸೈನ್-ಆನ್ ಅಂದರೆ ಒಂದೇ ಕೀಲಿಕೈಗೆ ಎಲ್ಲ ಬಾಗಿಲು. ಬೆಳಿಗ್ಗೆ ಕಂಪ್ಯೂಟರಿಗೆ ಕೊಡುವ ಪಾಸ್‌ವರ್ಡೇ ನಮ್ಮ ವರ್ಚುವಲ್ ಮಷಿನ್‌ಗಳನ್ನೆಲ್ಲ ನೋಡಿಕೊಳ್ಳುವ ವಿ-ಸೆಂಟರಿಗೂ. ನಮ್ಮನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಅದು ಆಕ್ಟಿವ್ ಡೈರೆಕ್ಟರಿಯನ್ನು ಕೇಳುತ್ತದೆ. ಇದಲ್ಲದೆ ವಿ-ಸೆಂಟರಿಗೆ ಸ್ವಂತದ್ದೇ ಒಬ್ಬ ಮನೆಮಗ ಇರ್ತಾನೆ, ವಿಸ್ಫಿಯರ್ ಡಾಟ್ ಲೋಕಲ್‌ನ ಅಡ್ಮಿನಿಸ್ಟ್ರೇಟರ್. ಅವನ ಹೆಸರಲ್ಲಿ ಹೋದೆ, ಸಲೀಸಾಗಿ ಬಿಟ್ಟಿತು. ಅಂದರೆ ವಿ-ಸೆಂಟರ್ ಚೆನ್ನಾಗಿದೆ, ಡೈರೆಕ್ಟರಿ ಜೊತೆ ಮಾತು ಬಿಟ್ಟಿದೆ.

ಎರಡೂ ಕಡೆ ಗಡಿಯಾರ ನೋಡಿದೆ. ವಿ-ಸೆಂಟರ್ 5 ನಿಮಿಷ 4 ಸೆಕೆಂಡು ಹಿಂದೆ. ಇಬ್ಬರ ನಡುವೆ ಗುರುತು ಖಾತ್ರಿ ಮಾಡುವ ಕೆರ್ಬರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ. ಕದ್ದ ಹಳೇ ಟಿಕೆಟನ್ನು ಯಾರೂ ಮತ್ತೆ ತೋರಿಸಬಾರದು ಅಂತ. ನಮ್ಮ ಬಿಎಂಟಿಸಿಯವರೂ ಅಷ್ಟೇ ಅನ್ನಿ.

ಗಡಿಯಾರ ಹಿಂದೆ ಬಿದ್ದದ್ದು ಯಾಕೆ? ಟೈಮ್ ತೆಗೆದುಕೊಳ್ಳುವ ಎನ್‌ಟಿಪಿ ಸರ್ವರ್‌ನ ವಿಳಾಸ ನೋಡಿದ ತಕ್ಷಣ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನಾಲ್ಕು ತಿಂಗಳ ಹಿಂದೆ "ಇದನ್ನ ಯಾರೂ ಬಳಸ್ತಿಲ್ಲ" ಅಂತ ನಾನೇ ಆಫ್ ಮಾಡಿದ ಸರ್ವರ್ ಅದು. ಅವತ್ತಿಂದ ದಿನಕ್ಕೆ ಎರಡೋ ಮೂರೋ ಸೆಕೆಂಡು ಜಾರುತ್ತಾ ಬಂದು, ಆ ರಾತ್ರಿ ಗೆರೆ ದಾಟಿದೆ. ಆ ಹೊತ್ತಲ್ಲಿ ಬಾಗಿಲು ತಟ್ಟಿದ ಮೊದಲನೆಯವನು ಅವನು, ಅಷ್ಟೇ.

ವಿಳಾಸ ಬದಲಿಸಿ, ಸರ್ವೀಸುಗಳನ್ನು ರೀಸ್ಟಾರ್ಟ್ ಮಾಡಿ ಕೂತೆ. ಅದು ಏಳುವುದರೊಳಗೆ ಟಿಕೆಟ್ ತೆರೆದು 'ಯೂಸರ್ ಎರರ್' ಅಳಿಸಿ, ಯಾರು, ಯಾವಾಗ, ಏನು ಆಫ್ ಮಾಡಿದ್ದು ಅಂತ ನನ್ನ ಹೆಸರು ಹಾಕಿ ಬರೆದೆ. ಮ್ಯಾನೇಜರ್ ಬೆಳಿಗ್ಗೆ ಓದ್ತಾರೆ. ಓದಲಿ.

ಹುಡುಗನಿಗೆ ಫೋನ್ ಮಾಡಿ, "ನಿಂದೇನೂ ತಪ್ಪಿಲ್ಲ ಕಣೋ, ನಂದೇ. ಸಾರಿ" ಅಂದೆ. ಒಂದು ಕ್ಷಣ ಸುಮ್ಮನಿದ್ದ.

"ಪರ್ವಾಗಿಲ್ಲ ಸರ್. ಈಗ ಮೂರರಲ್ಲಿ ಯಾವ ಪಾಸ್‌ವರ್ಡ್ ಹಾಕ್ಲಿ?"