ಸೊಸೆಯ ಜಾವಾ, ನನ್ನ ಕೆಂಪು ಶಾಯಿ

ಜಾವಾ ಎಂದರೆ ನಮ್ಮ ತಲೆಮಾರಿನವರಿಗೆ ಎರಡೇ ಅರ್ಥ. ಒಂದು, ಭೂಪಟದಲ್ಲಿ ಇಂಡೋನೇಷ್ಯಾದ ಉದ್ದನೆಯ ದ್ವೀಪ. ಇನ್ನೊಂದು, ಬೀದಿಯ ಆ ತುದಿಗೆ ಬಂದಾಗಲೇ ಸದ್ದಿನಿಂದ ಗುರುತು ಸಿಗುತ್ತಿದ್ದ ಮೈಸೂರಿನ ಮೋಟಾರ್ ಸೈಕಲ್. ಆ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಒಂದು ವರ್ಷ ಮೊದಲೇ, 1995ರಲ್ಲಿ, ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ಮೂರನೆಯದೊಂದು ಜಾವಾವನ್ನು ಹೊರತಂದಿತ್ತು ಎಂಬುದು ಎರ್ಮಾಳಿನ ನಮ್ಮ ಮನೆಗೆ ತಿಳಿಯಲು ಸೊಸೆ ಬರಬೇಕಾಯಿತು. ಜೇಮ್ಸ್ ಗಾಸ್ಲಿಂಗ್ ಎಂಬವರು ರೂಪಿಸಿದ ಆ ಕಂಪ್ಯೂಟರ್ ಭಾಷೆಗೆ ಮೊದಲು ಅವರ ಕಚೇರಿಯ ಹೊರಗಿದ್ದ ಓಕ್ ಮರದ ಹೆಸರಿತ್ತಂತೆ. ಕೊನೆಗೆ ಕಾಫಿಯ ಹೆಸರು ನಿಂತಿತು.

ಸೊಸೆ ಮುಂಬಯಿಯಲ್ಲಿ ಬೆಳೆದವಳು, ಇಂಜಿನಿಯರಿಂಗ್ ಓದಿ ಅಲ್ಲೇ ಮೂರು ವರ್ಷ ಕೆಲಸ ಮಾಡಿದವಳು. ಮೊಮ್ಮಗಳು ಹುಟ್ಟುವಾಗ ಕೆಲಸ ಬಿಟ್ಟಳು. ಮಗನಿರುವುದು ದುಬಾಯಿಯಲ್ಲಿ. ಹೀಗೆ ಐದು ವರ್ಷ ಕಳೆದು, ಈ ಜೂನಿನಲ್ಲಿ ಮಗು ಶಾಲೆಗೆ ಸೇರಿದ ಮೇಲೆ ಮತ್ತೆ ಕೆಲಸ ಹುಡುಕತೊಡಗಿದಳು. ಮೊದಲ ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ಜಾವಾದ ಬಗ್ಗೆ ಕೇಳಿದ್ದಕ್ಕಿಂತ 'ಈ ಐದು ವರ್ಷ ನೀವು ಏನೂ ಮಾಡಿಲ್ಲವಲ್ಲ' ಎಂದದ್ದೇ ಹೆಚ್ಚು. ಏನೂ ಮಾಡಿಲ್ಲ! ನನ್ನ ಗಂಡನ ಕಣ್ಣಿನ ಆಪರೇಷನ್, ಮಗುವಿನ ಜ್ವರ ಕೆಮ್ಮು, ಮಳೆಗಾಲದ ಸೋರುವ ಮಾಡು ಎಲ್ಲವೂ ತನ್ನಷ್ಟಕ್ಕೆ ನಡೆದುಹೋದವು ಎನ್ನಿ. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ. ಮರುದಿನದಿಂದ ಮಗು ಮಲಗಿದ ಮೇಲೆ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಮೊದಲ ಪಾಠದಿಂದ ಅಭ್ಯಾಸಕ್ಕೆ ಕೂತಳು. ಎದುರು ಬದಿಯಲ್ಲಿ ನಾನು, ಉತ್ತರ ಪತ್ರಿಕೆಗಳ ಕಟ್ಟಿನೊಂದಿಗೆ.

ಕೆಲವು ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಿಲ್ಲ.

"ಎಂತದು ಮಾರಾಯ್ತಿ, ಒಮ್ಮೆ ಕೆಂಪು ಒಮ್ಮೆ ಹಸಿರು ಆಗ್ತದಲ್ಲ?"

"ಯುನಿಟ್ ಟೆಸ್ಟ್, ಮಾಮಿ."

ನನಗೆ ನಗು ಬಂತು. ಯುನಿಟ್ ಟೆಸ್ಟ್ ಎಂದರೆ ನಮ್ಮ ಘಟಕ ಪರೀಕ್ಷೆ. ಪಾಠ ಮುಗಿದ ಕೂಡಲೇ ಇಪ್ಪತ್ತು ಅಂಕಕ್ಕೆ ಮಾಡುವಂಥದ್ದು. ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ನಾನು ಮಾಡುತ್ತ ಬಂದದ್ದು ಅದನ್ನೇ. ವಿಚಾರಿಸಿದರೆ ಅಲ್ಲಿಯ ಕ್ರಮವೂ ಹಾಗೆಯೇ. ಪ್ರೋಗ್ರಾಂ ಎಂಬುದು ಹಲವು ಸಣ್ಣ ಸಣ್ಣ ತುಂಡುಗಳಿಂದ ಆದದ್ದು. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಇದನ್ನು ಕೊಟ್ಟರೆ ಇದು ಬರಬೇಕು ಎಂದು ಸರಿಯುತ್ತರವನ್ನು ಮೊದಲೇ ಬರೆದಿಡಬೇಕು, ನಾವು ಮಾದರಿ ಉತ್ತರ ಬರೆದಿಟ್ಟುಕೊಳ್ಳುವಂತೆ. ಬಂದ ಉತ್ತರ ಅದಕ್ಕೆ ಹೊಂದಿದರೆ ಹಸಿರು, ಇಲ್ಲವಾದರೆ ಕೆಂಪು. ಇದಕ್ಕಿರುವ ಜೆಯುನಿಟ್ ಎಂಬ ಸಲಕರಣೆಯನ್ನು ಕೆಂಟ್ ಬೆಕ್, ಎರಿಕ್ ಗಾಮಾ ಎಂಬಿಬ್ಬರು 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಒಟ್ಟಿಗೆ ಕೂತು ಬರೆಯಲು ತೊಡಗಿದರಂತೆ. ನಾವಾದರೆ ನಿದ್ದೆ ಮಾಡುತ್ತಿದ್ದೆವು.

ಅವಳು ಅಭ್ಯಾಸಕ್ಕೆ ಆರಿಸಿಕೊಂಡದ್ದು ಅಂಕಪಟ್ಟಿಯ ಪ್ರೋಗ್ರಾಂ. 35ಕ್ಕೆ ತೇರ್ಗಡೆ ಎಂದು ಇಟ್ಟುಕೊಂಡು, 50 ಕೊಟ್ಟು ಪಾಸ್, 20 ಕೊಟ್ಟು ಫೇಲ್ ಎಂದು ಹಸಿರು ಮಾಡಿಸಿದ್ದಳು. ಐವತ್ತು ಬಂದವನ ಬಗ್ಗೆ ಯಾರಿಗೆ ಸಂಶಯ? "34, 35 ಕೊಟ್ಟು ನೋಡು" ಎಂದೆ. 35 ಕೆಂಪಾಯಿತು! 'ಮೂವತ್ತೈದು ಅಥವಾ ಹೆಚ್ಚು' ಎನ್ನುವಲ್ಲಿ 'ಮೂವತ್ತೈದಕ್ಕಿಂತ ಹೆಚ್ಚು' ಎಂದು ಬರೆದಿದ್ದಳು. ಒಂದು ಸಮ ಚಿಹ್ನೆಯಿಂದ ಒಬ್ಬ ಹುಡುಗ ಫೇಲ್. ಆಮೇಲೆ ಎರಡು ಪರೀಕ್ಷೆಗಳ ಸರಾಸರಿ. 34 ಮತ್ತು 35ಕ್ಕೆ ಬಂದದ್ದು ಬರೇ 34. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಜಾವಾ ಅರ್ಧವನ್ನು ಕತ್ತರಿಸಿಯೇ ಬಿಡುತ್ತದೆ. ಆ ಅರ್ಧ ಅಂಕಕ್ಕಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಚರ್ಚೆ ನಡೆಯುತ್ತದೆಂದು ಅದಕ್ಕೇನು ಗೊತ್ತು! ಇನ್ನೊಂದು ದಿನ 118 ಕೊಡಿಸಿದೆ. ನೂರಕ್ಕಿಂತ ಹೆಚ್ಚಾದುದರಿಂದ ತಪ್ಪು ಅಂಕ ಎಂದಿತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಅದಕ್ಕೇ ಒಟ್ಟು 625 ಎಂಬುದು ಮುಂಬಯಿಯಲ್ಲಿ ಓದಿದವಳಿಗೆ ಹೊಸ ಸಂಗತಿ. "ಇದು ಯಾವ ಪುಸ್ತಕದಲ್ಲೂ ಇಲ್ಲ ಮಾಮಿ" ಎಂದು ನನ್ನ ಹಳೆಯ ನೋಟ್ ಪುಸ್ತಕದಲ್ಲೇ ಇಂಥವನ್ನೆಲ್ಲ ಬರೆಯಿಸಿಕೊಂಡಳು. ಕೆಂಪು ಶಾಯಿಯಲ್ಲೇ ಬರೆದುಕೊಟ್ಟೆ, ಅಭ್ಯಾಸಬಲ.

ಕನ್ನಡ ಟೀಚರಾಗಿ ನಾನೂ ಒಂದು ಪ್ರಶ್ನೆ ಹಾಕಬೇಡವೇ? "ಎರ್ಮಾಳ್ ಎಂಬುದರಲ್ಲಿ ಎಷ್ಟು ಅಕ್ಷರ, ಕೇಳು" ಎಂದೆ. ಏಳು ಎಂದಿತು! ಎಣಿಸುವ ಕ್ರಮವೇ ಬೇರೆ: ಎ, ರ, ಅದರ ಅರ್ಧ ಮಾಡುವ ಚಿಹ್ನೆ, ಮ, ದೀರ್ಘದ ಇಳಿ, ಳ, ಮತ್ತೆ ಅರ್ಧ ಮಾಡುವ ಚಿಹ್ನೆ. ಬರೆಯುವ ಮಕ್ಕಳಿಗೆ ಅದು ಮೂರು. ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿದರೆ ಎರಡೇ ಎರಡು ಗುರು. ಪರೀಕ್ಷೆ ಬರೆಯುವವನು ಯಾವುದನ್ನು ಸರಿಯುತ್ತರ ಎನ್ನುತ್ತಾನೋ ಅದರ ಮೇಲೆ ಹಸಿರು ಕೆಂಪು ನಿಂತಿದೆ. ಈ ಒಂದು ಶಬ್ದದ ಮೇಲೆ ನಮ್ಮಿಬ್ಬರ ಎರಡು ರಾತ್ರಿ ಹೋಯಿತು. ಲೆಕ್ಕವನ್ನು ಅವಳು ಮೂರಕ್ಕೆ ತಂದು ನಿಲ್ಲಿಸಿದಳು.

ನನ್ನನ್ನು ನಿಜವಾಗಿ ತಟ್ಟಿದ್ದು ಮಾತ್ರ ಗೈರುಹಾಜರಿಯ ವಿಷಯ. ಅಜ್ಜಿ ತೀರಿಕೊಂಡ ದಿನ ಗಣಿತ ಪರೀಕ್ಷೆಗೆ ಬಾರದ ಹುಡುಗನೊಬ್ಬನಿದ್ದಾನೆ ನನ್ನ ತರಗತಿಯಲ್ಲಿ. ಅವನ ಅಂಕಗಳನ್ನು ಕೊಟ್ಟು ಆ ಜಾಗ ಖಾಲಿ ಬಿಡಲು ಹೇಳಿದೆ. ಸರಾಸರಿ ಪಾತಾಳಕ್ಕೆ ಇಳಿಯಿತು. ಜಾವಾದಲ್ಲಿ ಪೂರ್ಣಾಂಕಗಳ ಸಾಲಿನಲ್ಲಿ ಏನನ್ನೂ ತುಂಬದಿದ್ದರೆ ಅದು ತಾನೇ ಸೊನ್ನೆ ಇಟ್ಟುಕೊಳ್ಳುತ್ತದಂತೆ. ಖಾಲಿ ಎನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. "ಅವನು ಬರಲಿಲ್ಲ ಅಷ್ಟೆ ಮಗಾ, ಸೊನ್ನೆ ತೆಗೆದದ್ದಲ್ಲ. ನಾವು ಪಟ್ಟಿಯಲ್ಲಿ ಗೈರು ಅಂತ ಬರೀತೇವೆ" ಎಂದೆ. ಅವಳು ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತಳು. ಅವಳ ಮನಸ್ಸಿನಲ್ಲಿ ಏನು ಓಡುತ್ತಿತ್ತೆಂದು ನನಗೆ ಗೊತ್ತಾಯಿತು, ನಾನು ಕೇಳಲಿಲ್ಲ.

ಆಮೇಲೆ ಇಂಟ್ ಎಂದಿದ್ದಲ್ಲೆಲ್ಲ ಇಂಟೀಜರ್ ಎಂದು ಬದಲಿಸಿದಳು. ಅದರಲ್ಲಿ ಖಾಲಿಯನ್ನು ಖಾಲಿಯಾಗಿಯೇ ಇಡಬಹುದಂತೆ. ಅದಕ್ಕೊಂದು ಪರೀಕ್ಷೆಯನ್ನೂ ಬರೆದಳು. ಜಾವಾದಲ್ಲಿ ನಾವಿಡುವ ಹೆಸರುಗಳು ಕನ್ನಡ ಲಿಪಿಯಲ್ಲೂ ಇರಬಹುದೆಂದು ನನಗೆ ಗೊತ್ತಾದದ್ದು ಆಗ. ಕನ್ನಡ ಓದಲು ಇನ್ನೂ ತಡವರಿಸುವ ಹುಡುಗಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಗೈರುಸೊನ್ನೆಯಲ್ಲ. ಮೊದಲು ಕೆಂಪು, ಸರಿಪಡಿಸಿದ ಮೇಲೆ ಹಸಿರು. ಗಂಟೆ ಹನ್ನೊಂದೂವರೆ ಆಗಿತ್ತು. ಇಬ್ಬರೂ ಕಟ್ಟಂಕಾಫಿ ಮಾಡಿ ಕುಡಿದೆವು.

ಕಳೆದ ವಾರ ಮಣಿಪಾಲದಲ್ಲಿ ಇನ್ನೊಂದು ಸಂದರ್ಶನವಾಯಿತು. ಎದುರಲ್ಲೇ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಹೇಳಿದರಂತೆ. ಇವಳು ಮೊದಲು ಪರೀಕ್ಷೆಗಳನ್ನು ಬರೆದು, ಆಮೇಲೆ ಪ್ರೋಗ್ರಾಂ ಬರೆದಳು. ಐದು ವರ್ಷದ ಪ್ರಶ್ನೆ ಅಲ್ಲಿಯೂ ಬಂತು. "ಮನೆಯಲ್ಲಿದ್ದೆ, ಮಗು ಸಾಕಿದೆ" ಎಂದು ಹೇಳಿ ಮುಂದಿನ ಪ್ರಶ್ನೆಗೆ ಕಾದಳಂತೆ. ಬರುವ ಗುರುವಾರ ಎರಡನೆಯ ಸುತ್ತಿಗೆ ಕರೆದಿದ್ದಾರೆ. ಮೊಮ್ಮಗಳಿಗೆ ಅಂದು ಮಧ್ಯಾಹ್ನಕ್ಕೇ ಶಾಲೆ ಬಿಡುವುದರಿಂದ ನಾನು ಅರ್ಧ ದಿನದ ರಜೆಗೆ ಬರೆದುಕೊಟ್ಟಿದ್ದೇನೆ. ಕಾರಣ ಎಂಬಲ್ಲಿ 'ಸೊಸೆಗೆ ಪರೀಕ್ಷೆ' ಎಂದಿದ್ದುದನ್ನು ಓದಿ ಹೆಡ್ಮಾಸ್ಟರರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು, "ಯಾವ ಕ್ಲಾಸು ಟೀಚರೇ?"