ಎರಡನೆಯ ಬಾವುಟ

ಹೋದ ವರ್ಷ ಸೊಸೆ ಮನೆ ತುಂಬಿದಳು. ಮೈಸೂರಿನ ಹುಡುಗಿ. ಖಡಕ್ ರೊಟ್ಟಿಗೆ, ಪುಂಡಿಪಲ್ಲೆಗೆ ಬೇಗ ಹೊಂದಿಕೊಂಡಳು. ಬಂದವರಿಗೆ ಮೊದಲು ಚರಿಗೆಯಲ್ಲಿ ನೀರು ಕೊಡುವುದನ್ನೂ, ಹೊರಟವರಿಗೆ 'ಹೋಗಿ ಬರ್ರಿ' ಎನ್ನುವುದನ್ನೂ ಕಲಿತಳು. ಸೆಪ್ಟೆಂಬರ್ 17ರ ಬೆಳಿಗ್ಗೆ ನಾನು ಇಸ್ತ್ರಿ ಸೀರೆಯುಟ್ಟು ಶಾಲೆಗೆ ಹೊರಟಾಗ ಮಾತ್ರ ಬೆರಗಾದಳು.

"ಅತ್ತೆ, ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಿದ್ರಲ್ಲ, ಮತ್ತೆ ಯಾಕೆ?"

"ನಮಗ ಎರಡು ಸ್ವಾತಂತ್ರ್ಯ ಅವ ನೋಡವ್ವ" ಎಂದು ನಕ್ಕು ಹೊರಟೆ. ದಾರಿಯುದ್ದಕ್ಕೂ ಆ ನಗೆ ನನ್ನನ್ನೇ ಚುಚ್ಚಿತು.

ಇಷ್ಟು ವರ್ಷ ಮಕ್ಕಳ ಮುಂದೆ ಒಂದೇ ಭಾಷಣ ಒಪ್ಪಿಸಿದ್ದೇನೆ. 1947ರಲ್ಲಿ ದೇಶ ಸ್ವತಂತ್ರವಾದರೂ ನಮ್ಮ ಕೊಪ್ಪಳ ಸೀಮೆ ನಿಜಾಮನ ಕೈಯಲ್ಲೇ ಉಳಿಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು, 17ರಂದು ನಿಜಾಮ ಶರಣಾದ. ಮುಂಡರಗಿ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರನ್ನೂ ಹೇಳುತ್ತೇನೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ನನ್ನ ಭಾಷಣ ಬದಲಾಗಲಿಲ್ಲ. ಅದರಲ್ಲಿ ನಮ್ಮ ಅಜ್ಜಿ ಒಮ್ಮೆಯೂ ಬರಲಿಲ್ಲ.

ರಜಾಕಾರರ ಭಯಕ್ಕೆ ಅಜ್ಜಿ ಒಂದು ರಾತ್ರಿ ಬಗಲಲ್ಲಿ ಕೂಸು, ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತು ಮುಂಡರಗಿ ಕಡೆ ನಡೆದಿದ್ದಳು. ಅದು ಆಗ ಮುಂಬಯಿ ಪ್ರಾಂತ. ಗಡಿ ದಾಟಿದರೆ ಜೀವ ಉಳಿದಂತೆ. ಅಳುವ ಕೂಸಿನ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳಂತೆ. "ಆ ಕೈ ಇನ್ನಾ ನಡಗ್ತೈತಿ" ಎಂದು ಕೊನೆಯವರೆಗೂ ಅನ್ನುತ್ತಿದ್ದಳು. ಆ ಕೂಸೇ ನನ್ನ ಅವ್ವ.

ತಿರುಗಿ ಬರುವತನಕ ಎಮ್ಮೆಗೆ ಮೇವು ಹಾಕಿ ಮನೆ ಕಾಯ್ದವರು ಪಕ್ಕದ ಮನೆಯ ಮುಸಲ್ಮಾನ ಅಜ್ಜ. ಸೈನ್ಯ ಬಂದ ಮೇಲೆ ಹೆದರುವ ಸರದಿ ಅವರದಾಯಿತು. ಆಗ ಅಜ್ಜಿ ಅವರ ಮನೆಯ ಹೆಣ್ಣುಮಕ್ಕಳನ್ನು ತನ್ನ ಅಡುಗೆಮನೆಯಲ್ಲಿ ಕೂಡಿಸಿಕೊಂಡು, ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು.

ಸಂಜೆ ಸೊಸೆಗೆ ಇದನ್ನೆಲ್ಲ ಹೇಳಿದೆ. "ಶಾಲೆಯಲ್ಲಿ ಯಾಕೆ ಹೇಳಲ್ಲ ಅತ್ತೆ?" ಎಂದಳು. ಉತ್ತರ ಹೊಳೆಯಲಿಲ್ಲ. ಅರ್ಧ ಹೇಳಿದರೆ ಅಜ್ಜಿಗೆ ಮೋಸ, ಪೂರ್ತಿ ಹೇಳಲು ನನಗೆ ಅಂಜಿಕೆ. ಅದಕ್ಕೇ ತಾರೀಖುಗಳ ಹಿಂದೆ ಅಡಗಿದ್ದೆನೇನೋ.

ಈ ವರ್ಷ ಬಾವುಟದ ಕೆಳಗೆ ನಿಂತು ಪೂರ್ತಿ ಹೇಳಿದೆ. ಮಕ್ಕಳು ಪಿಸುಗುಡಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ, "ಟೀಚರ್, ನಮ್ಮ ಮುತ್ಯಾನ್ನ ಕೇಳ್ಲೇನ್ರಿ?" ಎಂದಳು.

"ಕೇಳವ್ವ," ಎಂದೆ, "ಇವತ್ತ ಹೋಗಿ ಕೇಳು."