ಗೋಪುರಗಳ ನೆರಳಿನಲ್ಲಿ

ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಗುಡ್ಡದ ನೆತ್ತಿಯ ಮೇಲಿರುವ ಸಾನ್ ಜಿಮಿನ್ಯಾನೊ ಎಂಬ ಸಣ್ಣ ಪಟ್ಟಣವನ್ನು ನೋಡುವ ಸುಯೋಗ ನನಗೊದಗಿತ್ತು. ಅಲ್ಲಿಯ ಸಿರಿವಂತ ಮನೆತನಗಳು ಒಂದನ್ನೊಂದು ಮೀರಿಸುವ ಹಟದಿಂದ ಒಂದು ಕಾಲಕ್ಕೆ 72 ಗೋಪುರಗಳನ್ನು ಎಬ್ಬಿಸಿದ್ದವಂತೆ. 1348ರ ಪ್ಲೇಗು ಪಟ್ಟಣವನ್ನು ಬರಿದುಮಾಡಿತು. 1353ರಲ್ಲಿ ಅದು ಫ್ಲಾರೆನ್ಸಿನ ಅಧೀನವಾಯಿತು. ಇಂದು ಉಳಿದಿರುವ ಗೋಪುರಗಳು 14. ಅವುಗಳಲ್ಲಿ ಅತ್ಯುನ್ನತವಾದ, 54 ಮೀಟರಿನ ಗೋಪುರವು ಯಾವ ಮನೆತನದ್ದೂ ಅಲ್ಲ, ಪೌರಸಭೆಯದು. 1253ರಲ್ಲಿ ರೋಗಶಯ್ಯೆಯಲ್ಲಿಯೇ ತೀರಿಕೊಂಡ ಫೀನಾ ಎಂಬ ಬಡ ಬಾಲಕಿಯ ಹೆಸರಿನಲ್ಲಿ ಜನರ ಕಾಣಿಕೆಯಿಂದ ಎದ್ದ ಆಸ್ಪತ್ರೆಯು ಶತಮಾನಗಳ ಕಾಲ ರೋಗಿಗಳನ್ನು ಸಲಹಿತು.

ಹಿಂದೊಮ್ಮೆ ಶಾಲೆಯೊಂದಕ್ಕೆ ಕೊಠಡಿ ಕಟ್ಟಿಸಿಕೊಟ್ಟು, ಹೆಸರಿನ ಕಲ್ಲು ಚಿಕ್ಕದಾಯಿತೆಂದು ಮುನಿದವನು ನಾನು. ಗೋಪುರದ ನೆರಳಿನಲ್ಲಿ ನಿಂತಾಗ ಆ ಮುನಿಸು ನೆನಪಾಗಿ ತಲೆ ತಗ್ಗಿತು. ಮರಳಿದ ಮೇಲೆ ಆ ಕಲ್ಲನ್ನು ನಾನೇ ತೆಗೆಸಿದೆ.